ಸೋಮವಾರಕ್ಕೊಂದು ಬಂಡಿ

ಗುರಮ್ಮನ ಬಾಯಿಗೆ ಹೆದರದವರು ಹಳ್ಳದವಾಡಿಯಲ್ಲಿ ಇಬ್ಬರೇ ಅಂತ ಜನ ಆಡಿಕೊಳ್ಳುತ್ತಿದ್ದರು. ಒಬ್ಬ ಆಕೆಯ ಗಂಡ ಬಸವಣ್ಣೆಪ್ಪ, ಇನ್ನೊಂದು ಆಕೆಯ ಎಮ್ಮೆ. ಬಸವಣ್ಣೆಪ್ಪ ತೀರಿಕೊಂಡ ಮೇಲೆ ಎಮ್ಮೆಯೊಂದೇ ಉಳಿಯಿತು. ಹಾಗಂತ ಗುರಮ್ಮ ಜಗಳಗಂಟಿಯಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವವಳು, ಅಷ್ಟೇ. ಅಂಥವರನ್ನೇ ಊರು ಜಗಳಗಂಟಿ ಅನ್ನುತ್ತದೆ, ಅದು ಬೇರೆ ಮಾತು.

ಹಳ್ಳದವಾಡಿ ಇರುವುದು ಔರಾದ ತಾಲೂಕಿನಲ್ಲಿ, ಠಾಣಾ ಕುಶನೂರಿನಿಂದ ಎರಡು ಕೋಸು ಒಳಗೆ. ನಡುವೆ ಒಂದು ಹಳ್ಳ, ಹಳ್ಳದ ಎರಡೂ ದಂಡೆಗೆ ಕರಿ ಎರೆ ಮಣ್ಣು. ಮಳೆ ಬಿದ್ದ ಮೇಲೆ ಆ ಮಣ್ಣಿನಲ್ಲಿ ಕಾಲಿಟ್ಟರೆ ಕಾಲು ಮೇಲೆ ಬರುತ್ತದೆ, ಚಪ್ಪಲಿ ಬರುವುದಿಲ್ಲ. ಹೇಗೋ ಕುಶನೂರು ಮುಟ್ಟಿದರೆ ಭಾಲ್ಕಿಗೆ ಮೋಟಾರು ಸಿಗುತ್ತದೆ. ಭಾಲ್ಕಿ ಮುಟ್ಟಿದರೆ ರೈಲುಂಟು, ಪೇಟೆಯುಂಟು, ದವಾಖಾನೆಯುಂಟು.

ಈ ಊರಿಗೊಂದು ರಿವಾಜು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ, ಅದು ಬಸವಣ್ಣನ ದಿನ. ಬೆಳಗಾದರೆ ಸಾಕು, ದನಗಾಹಿ ಊರಿನ ಎತ್ತುಗಳನ್ನೆಲ್ಲ ಗುಡ್ಡದಾಚೆಯ ಗಾಯರಾಣಕ್ಕೆ ಮೇಯಲು ಹೊಡೆದುಕೊಂಡು ಹೋಗುತ್ತಿದ್ದ. ಅವು ಮನೆ ಕಾಣುವುದು ದೀಪ ಹಚ್ಚುವ ಹೊತ್ತಿಗೆ. ವಾರವೆಲ್ಲ ದುಡಿದ ಮೂಕ ಪ್ರಾಣಿಗೆ ಒಂದು ದಿನದ ಬಿಡುವು ಬೇಡವೇ? ಗುರಮ್ಮನಿಗೂ ಒಪ್ಪಿಗೆಯ ಮಾತೇ. ಆದರೆ ಹಾವಿಗೆ ವಾರ ಗೊತ್ತಿರುವುದಿಲ್ಲವಲ್ಲ!

ಹಿಂದಿನ ವರ್ಷದ ಮಳೆಗಾಲದ ಒಂದು ಸೋಮವಾರ ಬಸವಣ್ಣೆಪ್ಪ ಎಮ್ಮೆಗೆ ಹಾಕುವ ಕಣಿಕೆ ತೆಗೆಯಲು ಬಣವೆಗೆ ಕೈ ಹಾಕಿದ, ಹಾವು ಕಡಿಯಿತು. ಹೊರಸಿನ ಮೇಲೆ ಮಲಗಿಸಿ ಹೊತ್ತು ಹೊರಟವರು ಹಳ್ಳದ ಇಳಿಜಾರಿನಲ್ಲಿ ಜಾರಿ ಬಿದ್ದು ತಿರುಗಿ ಬಂದರು. ಅವನ ತಮ್ಮ ಶಿವರಾಜಪ್ಪ ಎತ್ತು ತರಲು ಗುಡ್ಡ ಹತ್ತಿ ಓಡಿದ. ಅವನು ಹೋರಿಗಳನ್ನು ಹುಡುಕಿ ತಂದು, ಬಂಡಿ ಹೂಡಿ, ಹಳ್ಳ ದಾಟುವಷ್ಟರಲ್ಲಿ ಅಣ್ಣನ ಉಸಿರು ನಿಂತಿತ್ತು. ಶಿವರಾಜಪ್ಪ ಎಳೆ ಮಗುವಿನಂತೆ ಅತ್ತ. ಗುರಮ್ಮ ಆ ದಿನ ಅಳಲಿಲ್ಲ. ಅತ್ತಿದ್ದು ಒಂದು ತಿಂಗಳಾದ ಮೇಲೆ, ಎಮ್ಮೆ ಹಿಂಡುತ್ತ ಕೂತಾಗ.

ಒಂದು ವರ್ಷ ಕಳೆಯಿತು. ಈಗ ಅವಳ ಒಬ್ಬಳೇ ಮಗಳು ಕಸ್ತೂರಬಾಯಿ ಚೊಚ್ಚಲ ಬಸುರಿ. ಭಾಲ್ಕಿ ದವಾಖಾನೆಯ ನರ್ಸಬಾಯಿ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಅದ. ನೋವು ಸುರು ಆದ ಕೂಡ್ಲೆ ಕರ್ಕೊಂಡು ಬರ್ರಿ, ಮನ್ಯಾಗ ಇಟ್ಕೊಂಡು ಕೂಡಬ್ಯಾಡ್ರಿ" ಅಂದುಬಿಟ್ಟಿದ್ದಳು. ಮಗಳ ಗಂಡನ ಊರು ಇನ್ನೂ ಒಳಗೆ, ಅಲ್ಲಿ ಮೋಟಾರಿನ ಹೆಸರೇ ಇಲ್ಲ. ಹೀಗಾಗಿ ತವರಿಗೆ ಕರೆತರಲೇಬೇಕು. ಕರೆತಂದರೆ ಅದೇ ಹಳ್ಳ, ಅದೇ ಎರೆ ಮಣ್ಣು.

ಶ್ರಾವಣದಲ್ಲಿ ಒಂದು ಸಂಜೆ ಗುರಮ್ಮ ನೇರ ಚಾವಡಿಗೆ ಹೋದಳು. ಗಂಡಸರು ಅಲ್ಲಿ ಮೈಸೂರಿನ ಮಾತಿನಲ್ಲಿ ಮುಳುಗಿದ್ದರು. ಬೀದರ ಇನ್ನು ಹೈದರಾಬಾದಿನದಲ್ಲ, ದೀಪಾವಳಿಯ ಹೊತ್ತಿಗೆ ಮೈಸೂರು ರಾಜ್ಯಕ್ಕೆ ಸೇರುತ್ತದೆ ಎಂದು ಪೇಪರಿನಲ್ಲಿ ಬಂದಿತ್ತಂತೆ. ಮೈಸೂರನ್ನು ನೋಡಿದವರು ಅಲ್ಲಿ ಒಬ್ಬರೂ ಇರಲಿಲ್ಲ, ಮಾತಿಗೇನೂ ಕೊರತೆಯಿರಲಿಲ್ಲ.

"ಮೈಸೂರು ಬರ್ಲಿ ವೈನಿ, ನಮ್ಮ ಹಳ್ಳಕ್ಕ ಪೂಲ ಆಗ್ತದ" ಎಂದ ಶಿವರಾಜಪ್ಪ ಅತ್ತಿಗೆಗೆ, ಸೇತುವೆಯ ಭರವಸೆಯಿಂದ.

"ಆಗ್ಲಿ, ನಿನ್ನ ಬಾಯಾಗ ಸಕ್ರಿ ಬೀಳ್ಲಿ. ಪೂಲ ಆಗೋತನ ಕೂಸು ಹೊಟ್ಟ್ಯಾಗ ಕಾಯ್ತದೇನು? ಊರಿಗೊಂದು ಆಪತ್ತಿನ ಬಂಡಿ ಬೇಕು. ಸಣ್ಣದು, ಹಗುರಂದು. ಮೇವಿಗಿಲ್ಲ, ಗೊಬ್ಬರಕ್ಕಿಲ್ಲ. ಜೀವಕ್ಕ ಬಂದಾಗ ಅಷ್ಟೇ."

ಯಾರೂ ಬೇಡ ಅನ್ನಲಿಲ್ಲ. ರೊಕ್ಕ ಎಲ್ಲಿಂದ ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಗುರಮ್ಮ ಅದಕ್ಕೂ ದಾರಿ ಯೋಚಿಸಿಯೇ ಬಂದಿದ್ದಳು: ಮುಷ್ಟಿ ಕಾಳು. ಪ್ರತಿ ಮನೆಯ ಹೆಂಗಸು ಒಲೆ ಹಚ್ಚುವ ಮುಂಚೆ ಒಂದು ಮುಷ್ಟಿ ಕಾಳನ್ನು ಬೇರೆ ಗಡಿಗೆಗೆ ಹಾಕುವುದು. ಮಠದ ದಾಸೋಹಕ್ಕೆ ಹೀಗೆ ಎತ್ತಿಡುವುದು ಅಲ್ಲಿ ಹಳೆಯ ಪದ್ಧತಿ. ಬಂಡಿಗೆ ಎತ್ತಿಟ್ಟರೆ ಬಸವಣ್ಣನೇನು ಮುನಿಯುತ್ತಾನೆಯೇ?

ಗುರಮ್ಮ ಕೆಳಗಿನ ಕೇರಿಗೂ ಹೋಗಿ ಗಡಿಗೆ ಇಟ್ಟು ಬಂದಳು. ಮೇಲಿನ ಓಣಿಯಲ್ಲಿ ಗುಸುಗುಸು ಎದ್ದಿತು. ಆ ಕೇರಿಯ ಕಾಳು ಸೇರಿದರೆ ಆ ಕೇರಿಯವರೂ ಅದೇ ಬಂಡಿ ಹತ್ತುತ್ತಾರಲ್ಲ! ಗುರಮ್ಮ ಬಾವಿಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಹತ್ತಬೇಕಂತೇ ಇಟ್ಟು ಬಂದೀನಿ. ಹಾವು ಓಣಿ ಕೇಳಿ ಕಡೀತದೇನ್ರೇ? ದಿನಾ ಶರಣರ ವಚನ ಹೇಳೋರಿಗೆ ಇಷ್ಟೂ ತಿಳೀಲಿಲ್ಲಂದ್ರ ಹೇಳೋದ್ಯಾಕ!" ಗುಸುಗುಸು ಪೂರ್ತಿ ನಿಂತಿತು ಅಂತ ನಾನು ಹೇಳುವುದಿಲ್ಲ, ಆಕೆಗೆ ಕೇಳದಷ್ಟು ಸಣ್ಣದಾಯಿತು. ಆ ಕೇರಿಯ ಸೂಲಗಿತ್ತಿ ಸುಭದ್ರಾಬಾಯಿಯ ಗಡಿಗೆಯೇ ಎಲ್ಲಕ್ಕಿಂತ ಮೊದಲು ತುಂಬಿತು.

ಬಂಡಿ ಹುಡುಕುವುದು ಶಿವರಾಜಪ್ಪನ ಪಾಲಿಗೆ ಬಂತು. ಔರಾದದ ಬಡಗಿ ಯುಗಾದಿಗೆ ಮಾಡಿಕೊಡುತ್ತೇನೆ ಎಂದ. ಭಾಲ್ಕಿಯಲ್ಲಿ ಸಿಕ್ಕವೆಲ್ಲ ಕಬ್ಬು ಹೇರುವ ಬಂಡಿಗಳು, ಹಳ್ಳಕ್ಕಿಳಿದರೆ ಎರಡು ಜೋಡಿ ಎತ್ತಿಗೂ ಜಗ್ಗುವಂಥವಲ್ಲ. ಕೊನೆಗೆ ಹೊಸ ಹೆಸರುಕಾಳು ಪೇಟೆಗೆ ಬರುವ ಹೊತ್ತಿಗೆ, ಮುಷ್ಟಿ ಕಾಳಿನ ಚೀಲಗಳನ್ನೂ ಎತ್ತಿನ ಬಂಡಿಗೆ ಹೇರಿಕೊಂಡು ಬೀದರಿನ ಗಾಂಧಿ ಗಂಜ್ ಎಂಬ ಕಾಳಿನ ಪೇಟೆಗೆ ಹೋಗುವುದೆಂದಾಯಿತು. ಕಾಳು ಹೆಂಗಸರದು, ಅಂದಮೇಲೆ ನಾನೂ ಬರುವವಳೇ ಎಂದು ಗುರಮ್ಮ ಚೀಲದ ಮೇಲೆ ಹತ್ತಿ ಕೂತಳು.

ಗಂಜಿನಲ್ಲಿ ಅವರೂರಿನವನೇ ಒಬ್ಬನಿದ್ದ. ಸುಭದ್ರಾಬಾಯಿಯ ಮಗ ಮಚ್ಛೇಂದ್ರ. ದಲಾಲರ ಅಂಗಡಿಯಿಂದ ಲಾರಿಗೆ ಕೈಗಾಡಿಯಲ್ಲಿ ಚೀಲ ಎಳೆಯುವ ಕೆಲಸ ಅವನದು. ಕಾಳು ಮಾರಿಯಾದ ಮೇಲೆ ಅವನೇ ಅವರನ್ನು ನಜಮೋದ್ದೀನನ ಅಡ್ಡೆಗೆ ಕರೆದುಕೊಂಡು ಹೋದ. ನಜಮೋದ್ದೀನ ಹಳೆಯ ಗಾಲಿ, ಹಳೆಯ ಟೈರು, ಮುರಿದ ಬಂಡಿಗಳನ್ನು ಕೊಂಡು ರಿಪೇರಿ ಮಾಡಿ ಮಾರುವವನು. ಗಡ್ಡಕ್ಕೆ ಮೆಹಂದಿ, ಬಾಯಿಗೆ ಬೆಲ್ಲ.

ಒಳಗೆ ಕಾಲಿಟ್ಟವನೇ ಶಿವರಾಜಪ್ಪ ಮರುಳಾದ. ಮೂಲೆಯಲ್ಲಿ ಹಸಿರು ಬಣ್ಣದ ಒಂದು ಕಬ್ಬಿಣದ ಟ್ರೇಲರ್ ನಿಂತಿತ್ತು. ಪೊಲೀಸ್ ಆಕ್ಷನ್ನಿನ ಕಾಲಕ್ಕೆ ಬಂದಿದ್ದ ಮಿಲಿಟರಿಯದು, ಜೀಪಿನ ಹಿಂದೆ ಕಟ್ಟುವಂಥದು, ಹರಾಜಿನಲ್ಲಿ ಕೈಬದಲಾಗಿ ಇಲ್ಲಿಗೆ ಬಂದಿತ್ತು. ಶಿವರಾಜಪ್ಪ ಅದರ ಸುತ್ತ ತಿರುಗಿದ, ಗಾಲಿಗೆ ಒದ್ದ, ತಗಡನ್ನು ಬಾರಿಸಿದ. ಹೋರಿ ಕೊಳ್ಳುವಾಗ ಹಲ್ಲು ನೋಡುತ್ತಾರಲ್ಲ, ಹಾಗೆ ಬಗ್ಗಿ ಅಚ್ಚು ನೋಡಿದ.

"ಏಳು ಮಂದಿ ಕೂತು ತಿರುಗಬೌದು ವೈನಿ! ಮುಂದಿನ ಕೊಂಡಿಗೆ ಒಂದು ಮೂಕಿ ಬಡಿಸಿ, ನಮ್ಮ ಹೋರಿ ಕಟ್ಟಿದ್ರ ಗಾಳಿ ಗಾಳಿ ಹೋಗ್ತದ. ರಬ್ಬರ ಗಾಲಿ! ಅಣ್ಣನ ದಿನ ಇದು ಇದ್ದಿದ್ರ..." ಅವನ ಕಣ್ಣು ತುಂಬಿತ್ತು.

ಗುರಮ್ಮನಿಗೆ ಮೈದುನನ ಮೇಲೆ ಮರುಕ ಬಂತು. ಒಳ್ಳೆಯವನು, ಅಣ್ಣನೆಂದರೆ ಪ್ರಾಣ ಬಿಡುತ್ತಿದ್ದವನು. ಆದರೆ ತಲೆಯಲ್ಲಿ ಬರೀ ಎತ್ತು! ಒಕ್ಕಲುತನದವರೆಲ್ಲರ ಹಾಡೂ ಇದೇ, ಗಾಲಿ ಕಂಡರೆ ಸಾಕು, ಅದರ ಮುಂದೆ ಎರಡು ಕೋಡು ಕಾಣಿಸಿಬಿಡುತ್ತವೆ.

"ಶಿವರಾಜಪ್ಪ, ಸೋಮವಾರ ಇದನ್ನ ಎಳೆಯವ್ರು ಯಾರು?" ಎಂದಳು.

ಅವನು ಬಗ್ಗಿ ಮತ್ತೊಮ್ಮೆ ಅಚ್ಚು ನೋಡಿದ.

"ಅವತ್ತ ಬಂಡಿ ಇತ್ತಲ್ಲೋ, ಚಾವಡಿ ಮುಂದೇ ನಿಂತಿತ್ತು. ಮಂದೀನೂ ಇತ್ತು. ಅಷ್ಟು ಗಂಡಸರು ಬಂಡಿ ಸುತ್ತ ನಿಂತು ಎತ್ತಿನ ದಾರಿ ಕಾಯ್ಲತ್ತಿದ್ರು. ನಿಮ್ಮಣ್ಣ ಗಾಲಿ ಇಲ್ಲಂತ ಜೀವ ಬಿಡ್ಲಿಲ್ಲ. ಎತ್ತಿನ ದಾರಿ ಕಾದು ಹೋದ."

ಶಿವರಾಜಪ್ಪ ಟ್ರೇಲರಿನ ಅಂಚು ಹಿಡಿದು ನಿಂತುಬಿಟ್ಟ. ಒಂದು ವರ್ಷ ಅವನು ರಬ್ಬರ್ ಗಾಲಿಯ ಕನಸು ಕಂಡಿದ್ದ. ಇಷ್ಟು ಸಣ್ಣ ಮಾತು ಅವನಿಗೂ ಹೊಳೆದಿರಲಿಲ್ಲ, ಚಾವಡಿಯಲ್ಲಿ ಕೂತ ಯಾರಿಗೂ ಹೊಳೆದಿರಲಿಲ್ಲ.

"ಎತ್ತಿದ್ದ ದಿನ ಎತ್ತಿನ ಬಂಡಿ ಹಿಂದ ಕಟ್ಟಲಾಕ ಬರಬೇಕು. ಎತ್ತಿಲ್ಲದ ದಿನ ಮನುಷ್ಯಾರು ಎಳೀಬೇಕು. ಅಂಥಾದು ಅದ ಏನ್ರಿ?" ಎಂದು ಗುರಮ್ಮ ನಜಮೋದ್ದೀನನ ಕಡೆ ತಿರುಗಿದಳು.

"ಅರೇ ಬಾಯಿ, ಅಂಥಾದು ಅದ. ಆದ್ರ ಸಾಹುಕಾರ್ರಿಗೆ ಪಸಂದ ಆಗಂಗಿಲ್ಲ" ಎಂದು ನಗುತ್ತ ಅವನು ತೋರಿಸಿದ್ದು ಒಂದು ಕೈಗಾಡಿ. ಎರಡು ಹಳೆ ಮೋಟಾರಿನ ಗಾಲಿ, ಮೇಲೆ ಸಾಗುವಾನಿ ಹಲಗೆ, ಮುಂದೆ ಇಬ್ಬರು ಹಿಡಿಯುವಷ್ಟು ಅಗಲದ ಹಿಡಿಕೆ. ಬಣ್ಣ ಹೋಗಿತ್ತು, ಮೆಣಸಿನಕಾಯಿಯ ಘಾಟು ಹೋಗಿರಲಿಲ್ಲ. ಟ್ರೇಲರಿನ ಅರ್ಧ ಕಿಮ್ಮತ್ತೂ ಇಲ್ಲ.

"ಛೀ, ಹಮಾಲರ ಗಾಡಿ!" ಎಂದ ಶಿವರಾಜಪ್ಪ. ಪಕ್ಕದಲ್ಲಿ ಮಚ್ಛೇಂದ್ರ ನಿಂತದ್ದು ಆಮೇಲೆ ನೆನಪಾಗಿ ಟೋಪಿ ಸರಿಮಾಡಿಕೊಂಡ. ಮಚ್ಛೇಂದ್ರ ಕೇಳಿಸಿಕೊಳ್ಳದವನ ಹಾಗೆ ಗಾಲಿ ತಿರುಗಿಸಿ ನೋಡುತ್ತಿದ್ದ.

ಮುಂದೆ ಗುರಮ್ಮ ಮಾಡಿದ್ದನ್ನು ಗಂಜಿನ ಜನ ಬಹಳ ದಿನ ಹೇಳಿ ನಕ್ಕರು. ಐವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಸೀರೆಯ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಆ ಗಾಡಿಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

"ಮಚ್ಛೇಂದ್ರ, ಆ ಕಡಿ ಹಿಡಿ. ಶಿವರಾಜಪ್ಪ, ಈ ಕಡಿ ನೀ ಹಿಡಿ. ಎಳೀರಿ!"

"ವೈನಿ, ಮಂದಿ ನೋಡ್ಲತ್ತಾರ್ರಿ..."

"ನೋಡ್ಲಿ. ಹೊಟ್ಟಿ ತುಂಬ ನೋಡ್ಲಿ. ನನ್ನ ಮಗಳು ಮಲಗೋ ಜಾಗ ನಾ ಮಲಗಿ ನೋಡಬ್ಯಾಡೇನು?"

ಎಳೆದರು. ಹೆಸರುಕಾಳಿನ ರಾಶಿಗಳ ನಡುವೆ, ಲಾರಿಗಳ ಸಂದಿಯಲ್ಲಿ, ಹಮಾಲರು ಸಿಳ್ಳೆ ಹೊಡೆಯುತ್ತಿದ್ದಂತೆ, ಗುರಮ್ಮ ಆಕಾಶ ನೋಡುತ್ತ ಗಂಜು ಸುತ್ತಿದಳು. ಸುಮ್ಮನೆ ಸುತ್ತಲಿಲ್ಲ. ಹಿಡಿಕೆ ಮೇಲೆತ್ತಿದಾಗ ಹಿಂದೆ ಇದ್ದ ತಲೆ ಕೆಳಗಾಗುತ್ತದೆ, ಆದ್ದರಿಂದ ತಲೆಯನ್ನು ಎಳೆಯುವವರ ಕಡೆಗೇ ಇಡಬೇಕು. ತಗ್ಗಿಗೆ ಬಿದ್ದಾಗ ಮೈ ಉರುಳುತ್ತದೆ, ಎರಡೂ ಬದಿಗೆ ಕಟಾಂಜನ ಬೇಕು. ನಿಲ್ಲಿಸಿದಾಗ ಮುಗ್ಗರಿಸುತ್ತದೆ, ಮುಂದೊಂದು ಊರುಗೋಲು ಬೇಕು. ಇಳಿದ ಮೇಲೆ ಇದನ್ನೆಲ್ಲ ನಜಮೋದ್ದೀನನಿಗೆ ಒಪ್ಪಿಸಿದಳು. ಅವನು ಮರುದಿನದೊಳಗೆ ಮಾಡಿಕೊಟ್ಟ, ಬಂಡಿಯ ಹಿಂದೆ ಕಟ್ಟಲು ಒಂದು ಕಬ್ಬಿಣದ ಕೊಂಡಿಯನ್ನೂ ತನ್ನ ಕಡೆಯಿಂದ ಬೆಸೆದ. "ನಿಮ್ಮ ಬಿಟಿಯಾ ಸಲಾಮತ ಇರ್ಲಿ ಬಾಯಿ" ಅಂದ. ಮಗಳು ಕ್ಷೇಮವಾಗಿರಲಿ ಎಂಬ ಆ ಹರಕೆಯಿಂದ ಗುರಮ್ಮನಿಗೆ ಅರ್ಧ ಜೀವ ಬಂದಂತಾಯಿತು.

ಎತ್ತಿನ ಬಂಡಿಯ ಹಿಂದೆ ಕಟ್ಟಿದ ಕೈಗಾಡಿ ಊರು ಹೊಕ್ಕಾಗ ಊರಿನ ಮುಖ ಸಪ್ಪಗಾಯಿತು. ಬಣ್ಣದ ಬಂಡಿ ಬರುತ್ತದೆ ಅಂತ ಕಾದಿದ್ದರು, ಬಂದದ್ದು ಇದು. "ಗುರಮ್ಮನ ತೊಟ್ಟಿಲು" ಅಂತ ಹೆಸರಿಟ್ಟು ನಕ್ಕರು. ಆಕೆ ಅದನ್ನು ಚಾವಡಿಯ ಪಡಸಾಲೆಯಲ್ಲಿ ನಿಲ್ಲಿಸಿ, ಒಂದು ಚಾಪೆ, ಒಂದು ಕೌದಿ, ಒಂದು ತಂಬಿಗೆ ಇಟ್ಟು, ಮೇವು ಗೊಬ್ಬರ ಹೇರಿದವರ ಕೈ ಮುರಿಯುತ್ತೇನೆ ಎಂದು ಸಾರಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಶಿವರಾಜಪ್ಪ. ಅವನಿಗೆ ಆ ಹಸಿರು ಟ್ರೇಲರಿನ ನೆನಪು ಇನ್ನೂ ಹೋಗಿರಲಿಲ್ಲ.

ದೀಪಾವಳಿ ಬಂತು. ಹಬ್ಬದ ಹಿಂದಿನ ದಿನವೇ ಬೀದರ ಮೈಸೂರಿಗೆ ಸೇರಿತು. ಕುಶನೂರಿನ ಸಾಲೆಯಲ್ಲಿ ಝಂಡಾ ಹಾರಿಸಿ ಪೇಢೆ ಹಂಚಿದರಂತೆ. ಹಬ್ಬಕ್ಕೆಂದು ಮಚ್ಛೇಂದ್ರ ಊರಿಗೆ ಬಂದಿದ್ದ. ಕಸ್ತೂರಬಾಯಿ ತವರಿಗೆ ಬಂದಿದ್ದಳು. ಹಬ್ಬ ಮುಗಿಸಿ ಮಂಗಳವಾರ ಮಗಳನ್ನು ಭಾಲ್ಕಿಗೆ ಕರೆದೊಯ್ದು, ಹೆರಿಗೆಯಾಗುವ ತನಕ ಮಠದ ಧರ್ಮಶಾಲೆಯಲ್ಲಿ ಇದ್ದುಬಿಡುವುದು ಗುರಮ್ಮನ ಲೆಕ್ಕ. ಆದರೆ ಕೂಸಿಗೆ ಅದರದೇ ಲೆಕ್ಕವಿತ್ತು. ಭಾನುವಾರ ಅಕಾಲ ಮಳೆ ಹೊಯ್ಯಿತು. ಸೋಮವಾರ ಬೆಳಿಗ್ಗೆ, ಎತ್ತುಗಳು ಗುಡ್ಡ ದಾಟಿ ಕಣ್ಮರೆಯಾದ ಮೇಲೆ, ಕಸ್ತೂರಬಾಯಿ ಗೋಡೆ ಹಿಡಿದು ಕೂತುಬಿಟ್ಟಳು.

"ಯವ್ವಾ, ಸುರು ಆತು."

ಸುಭದ್ರಾಬಾಯಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. "ಗುರಮ್ಮವ್ವ, ಇನ್ನಾ ಅಡ್ಡೇ ಅದ. ನನ್ನ ಕೈಲೆ ಆಗಂಗಿಲ್ರಿ. ಎಬ್ಬಸ್ರಿ, ನಡೀರಿ."

ಗುರಮ್ಮ ಚಾವಡಿಗೆ ಓಡಿದಳು. ಪಡಸಾಲೆ ಖಾಲಿ! ಚಾಪೆ, ಕೌದಿ, ತಂಬಿಗೆ ಒಂದು ಮೂಲೆಯಲ್ಲಿ ನೀಟಾಗಿ ಇದ್ದವು. ಗಾಡಿ ಇರಲಿಲ್ಲ.

ಆಕೆ ಚಾವಡಿಯ ಕಂಬ ಹಿಡಿದು, "ಯಾರು ಒಯ್ದ್ರೋ, ಯಾರು ಒಯ್ದ್ರೋ ನನ್ನ ಗಾಡಿ!" ಎಂದು ಕಿರುಚಿದಳು. ಊರೆಲ್ಲ ಹೊರಗೆ ಬಂತು. ಮಚ್ಛೇಂದ್ರ ಹಸಿ ಮಣ್ಣಿನ ಮೇಲಿನ ಗಾಲಿಯ ಗುರುತು ಹಿಡಿದು ಓಡಿದ. ಗುರುತು ನೇರ ಶಿವರಾಜಪ್ಪನ ಹೊಲಕ್ಕೆ ಹೋಗಿತ್ತು.

ಅದೇ ಹಮಾಲರ ಗಾಡಿ! ಸೋಮವಾರ, ಎತ್ತಿಲ್ಲ, ಮಳೆಗೆ ನೆನೆದ ಮೇವನ್ನು ಮನೆಗೆ ತರಬೇಕು. ನಕ್ಕವನಿಗೇ ಬೆಳ್ಳಂಬೆಳಗ್ಗೆ ಅದರ ಉಪಯೋಗ ತಿಳಿದಿತ್ತು. ವೈನಿ ಏಳುವಷ್ಟರಲ್ಲಿ ತಂದು ನಿಲ್ಲಿಸುತ್ತೇನೆ ಅಂದುಕೊಂಡು, ಗಾಲಿಗೆ ಎಣ್ಣೆ ಬಿಟ್ಟು, ಸದ್ದಿಲ್ಲದೆ ಎಳೆದುಕೊಂಡು ಹೋಗಿದ್ದ. ಮಚ್ಛೇಂದ್ರ ದೂರದಿಂದಲೇ ಕೂಗಿದ: "ಕಾಕಾ, ಕಸ್ತೂರಕ್ಕಗ ನೋವು ಸುರು ಆಗ್ಯಾವ!"

ಶಿವರಾಜಪ್ಪ ಮರುಕ್ಷಣ ಹೇರಿದ ಮೇವನ್ನೆಲ್ಲ ಕೆಸರಿಗೆ ಚೆಲ್ಲಿ ಹಿಡಿಕೆ ಹಿಡಿದ. ಇಬ್ಬರೂ ಗಾಡಿ ಎಳೆದುಕೊಂಡು ಊರೊಳಗೆ ನುಗ್ಗಿದಾಗ ಅವನ ಟೋಪಿ ಇರಲಿಲ್ಲ, ಒಂದು ಚಪ್ಪಲಿಯೂ ಇರಲಿಲ್ಲ. ಗುರಮ್ಮನ ಮುಖ ನೋಡುವ ಧೈರ್ಯವೂ ಇರಲಿಲ್ಲ. ಆಕೆ ಬೈಯಲಿಲ್ಲ. ಬೈಯಲು ಅದು ಹೊತ್ತಲ್ಲ.

ಕೌದಿ ಹಾಸಿ ಕಸ್ತೂರಬಾಯಿಯನ್ನು ಮಲಗಿಸಿದರು, ತಲೆ ಎಳೆಯುವವರ ಕಡೆಗೆ. ಸುಭದ್ರಾಬಾಯಿ ಅವಳ ಕೈ ಹಿಡಿದು ಪಕ್ಕದಲ್ಲಿ ನಡೆದಳು. ಗುರಮ್ಮ ಹಿಂದಿನಿಂದ ದೂಡಿದಳು. ಹಳ್ಳದ ಇಳಿಜಾರಿನಲ್ಲಿ ಕಾಲು ಜಾರಿದವು, ಗಾಡಿ ಜಾರಲಿಲ್ಲ. ಆಚೆ ದಂಡೆಯ ಏರಿನಲ್ಲಿ ಗಾಲಿ ಹೂತುಕೊಂಡಾಗ ಹಿಂದೆಯೇ ಓಡಿ ಬಂದಿದ್ದ ಎರಡೂ ಕೇರಿಯ ಗಂಡಸರು ಹೆಗಲಿಗೆ ಹೆಗಲು ಕೊಟ್ಟು ಎತ್ತಿದರು. ಮಡಿ ಮೈಲಿಗೆಯೆಲ್ಲ ಹಳ್ಳದ ನೀರಿಗೆ ಹೋಯಿತು, ಆ ಹೊತ್ತಿಗಂತೂ ಹೋಯಿತು. ಶಿವರಾಜಪ್ಪ ಏದುಸಿರು ಬಿಡುತ್ತ ಒಂದೇ ಮಾತು ಹೇಳುತ್ತಿದ್ದ, "ತಡೀಬ್ಯಾಡ ಮಚ್ಛೇಂದ್ರ, ತಡೀಬ್ಯಾಡ." ಯಾರನ್ನು ನೆನೆದು ಹೇಳುತ್ತಿದ್ದಾನೆಂದು ಗುರಮ್ಮನಿಗೆ ಗೊತ್ತಿತ್ತು. ಬಸವಣ್ಣೆಪ್ಪನ ಉಸಿರು ನಿಂತದ್ದು ಇದೇ ಏರಿನಲ್ಲಿ. ಆಕೆ ಕಣ್ಣು ಮುಚ್ಚಿ ದೂಡಿದಳು. ಕಣ್ಣು ಬಿಟ್ಟಾಗ ಗಾಡಿ ಏರು ದಾಟಿತ್ತು.

ಕುಶನೂರಿನಲ್ಲಿ ಮಧ್ಯಾಹ್ನದ ಮೋಟಾರು ಹೊರಡಲು ಹಾರ್ನ್ ಹೊಡೆಯುತ್ತಿತ್ತು. ಮಚ್ಛೇಂದ್ರ ಓಡಿ ಅದರ ಮುಂದೆ ಅಡ್ಡ ನಿಂತ.

ಭಾಲ್ಕಿ ದವಾಖಾನೆಯಲ್ಲಿ ಡಾಕ್ಟರು ಕೈಯಿಂದಲೇ ಕೂಸನ್ನು ತಿರುಗಿಸಿದರಂತೆ. ಸಂಜೆ, ಅತ್ತ ಗಾಯರಾಣದಿಂದ ಎತ್ತುಗಳು ಮನೆಗೆ ತಿರುಗುವ ಹೊತ್ತಿಗೆ, ಇತ್ತ ಕೂಸು ಅತ್ತಿತು. ಹೆಣ್ಣು ಕೂಸು. ತಾಯಿಯೂ ಕ್ಷೇಮ. "ಸಂಜಿತನಾ ತಡದಿದ್ರ ಇಬ್ಬರೂ ಉಳೀತಿರ್ಲಿಲ್ಲ" ಎಂದಳು ನರ್ಸಬಾಯಿ. ಆಮೇಲೆ ಹೆಸರು ಬರೆದುಕೊಳ್ಳುತ್ತ ನಕ್ಕು, "ಮೈಸೂರು ಆದ ಮ್ಯಾಲ ಈ ದವಾಖಾನಿಯೊಳಗ ಹುಟ್ಟಿದ ಮೊದಲನೇ ಕೂಸು ನೋಡ್ರಿ" ಅಂದಳು.

ಹೊರಗೆ ಕಟ್ಟೆಯ ಮೇಲೆ ಶಿವರಾಜಪ್ಪ ಕೆಸರು ಮೆತ್ತಿದ ಕಾಲು ಚಾಚಿ ಕೂತಿದ್ದ. ಗುರಮ್ಮ ಹೋಗಿ ಪಕ್ಕದಲ್ಲಿ ಕೂತಳು.

"ವೈನಿ, ನಾ ಮೇವು ತರಲಾಕ ಒಯ್ದಿದ್ದೆ... ಇವತ್ತು ಏನಾರ ಆಗಿದ್ರ..." ಅವನು ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡ.

"ಗಾಲಿಗೆ ಎಣ್ಣಿ ಬಿಟ್ಟಿದ್ದಿಯಲ್ಲಾ?"

"ಹೂಂ."

"ಅದಕ್ಕೇ ಅಷ್ಟು ಹಗುರ ಓಡ್ತು. ಸಾಕು, ಅಳಬ್ಯಾಡ. ಮೊಮ್ಮಗಳ ಮಾರಿ ನೋಡು ನಡಿ." ಹೇಳುತ್ತ ಹೇಳುತ್ತ ಆಕೆಯೇ ಅತ್ತಳು. ಇಬ್ಬರೂ ಅಲ್ಲಿ ಮನಸಾರೆ ಅತ್ತು, ಮೂಗು ಒರೆಸಿಕೊಂಡು ಒಳಗೆ ಹೋದರು.

ಮುಂದಿನ ವಾರ ಶುಕ್ರವಾರ ಬಾಣಂತಿ ಮತ್ತು ಕೂಸನ್ನು ಕರೆದುಕೊಂಡು ಗುರಮ್ಮ, ಸುಭದ್ರಾಬಾಯಿ ಮೋಟಾರಿನಿಂದ ಕುಶನೂರಿನಲ್ಲಿ ಇಳಿದರು. ಕೈಗಾಡಿ ಕಾಯುತ್ತಿತ್ತು. ತೊಳೆದು ಒರೆಸಿ, ಹೊಸ ಕೌದಿ ಹಾಸಿತ್ತು, ಬಿಸಿಲಿಗೆ ಮೇಲೊಂದು ಧೋತರ ಕಟ್ಟಿತ್ತು. ಒಂದು ಕಡೆ ಮಚ್ಛೇಂದ್ರ, ಇನ್ನೊಂದು ಕಡೆ ಶಿವರಾಜಪ್ಪ. ಹಿಂದೆ ಮುಂದೆ ಎಲ್ಲಿಯೂ ಎತ್ತು ಕಾಣಲಿಲ್ಲ.

"ಯಾಕೋ, ಇವತ್ತು ಶುಕ್ರವಾರ ಅಲ್ಲೇನು? ನಿನ್ನ ಹೋರಿ ಎಲ್ಲಿ?" ಎಂದಳು ಗುರಮ್ಮ.

"ಕೊಟ್ಟಿಗ್ಯಾಗ ಅವ. ಹಿಂದ ಕೂಸು ಮಲಗ್ಯದ ಅಂತ ಎತ್ತಿಗೇನು ತಿಳೀತದ ವೈನಿ, ಧಡಾ ಧಡಾ ಜಗ್ತಾವ. ಸುಮ್ನ ಹತ್ತಸ್ರಿ" ಎಂದು ಶಿವರಾಜಪ್ಪ ಬಗ್ಗಿ ಹಿಡಿಕೆ ಹಿಡಿದ.